ಕೆಳಗಿಳಿಯುವ ಮುಳ್ಳು

ಹಳೆಯ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ನಿನ ಕಾವನ್ನು ತೋರಿಸುವ ಟೆಂಪರೇಚರ್ ಗೇಜಿನ ಮುಳ್ಳು ಅಂಕೆ ತಪ್ಪಿದಾಗ, ಗೇಜೇ ಕೆಟ್ಟಿದೆ ಎಂದು ತೀರ್ಮಾನಿಸಿ ಹೊಸದನ್ನು ಕೂರಿಸಿಬಿಡುವುದು ಸುಲಭ. ಆದರೆ ನರಸಾಪುರದಿಂದ ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದವರೆಗೆ ಹಬ್ಬಿದ ಗಡಸು ನೀರಿನ ಈ ಸೀಮೆಯಲ್ಲಿ ಮುಳ್ಳನ್ನು ದಾರಿ ತಪ್ಪಿಸುವುದು ಬಹುಮಟ್ಟಿಗೆ ಗೇಜಲ್ಲ, ಅದಕ್ಕೆ ಸುದ್ದಿ ಮುಟ್ಟಿಸುವ ಸೆನ್ಸರು, ವೈರು ಮತ್ತು ಅರ್ತ್, ಇಲ್ಲವೇ ರೇಡಿಯೇಟರಿನೊಳಗಿನ ನೀರು. ಆದ್ದರಿಂದ ಹಳೆಯ ಕಾರನ್ನು ಅಕ್ಕರೆಯಿಂದ ಇಟ್ಟುಕೊಂಡವರು ಗೇಜನ್ನು ಬಿಚ್ಚುವ ಮೊದಲು ಈ ದಾರಿಯನ್ನೆಲ್ಲ ಒಮ್ಮೆ ನಡೆದು ನೋಡಬೇಕಾಗುತ್ತದೆ.

ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ 2013ರಿಂದ ಹೋಂಡಾ ಕಾರ್ಖಾನೆ ತಯಾರಿಸುತ್ತಿರುವ ಆಕ್ಟಿವಾ ಸ್ಕೂಟರಿಗೆ ನೀರಿನ ಹಂಗಿಲ್ಲ. ಅದರ ಎಂಜಿನ್ನನ್ನು ಗಾಳಿಯೇ ತಣಿಸುತ್ತದೆ. 2014ರಲ್ಲಿ ತಯಾರಿಕೆ ನಿಂತ ಮಾರುತಿ 800 ಮತ್ತು ಅದೇ ವರ್ಷ ನಿಂತುಹೋದ ಅಂಬಾಸಿಡರ್ ಮಾತ್ರ ನೀರನ್ನೇ ನಂಬಿದ ಬಂಡಿಗಳು. ಇಂಥ ಕಾರುಗಳಲ್ಲಿ ಸೆನ್ಸರ್ ಎಂಬುದು ಎಂಜಿನ್ನಿನ ನೀರಿನ ದಾರಿಯಲ್ಲಿ ತಿರುಪಿ ಕೂರಿಸಿದ ಹಿತ್ತಾಳೆಯ ಪುಟ್ಟ ಬಿರಡೆ. ಅದರೊಳಗಿನ ಥರ್ಮಿಸ್ಟರ್, ಅಂದರೆ ಕಾವು ಏರಿದಂತೆ ವಿದ್ಯುತ್ತಿಗೆ ಒಡ್ಡುವ ತಡೆಯನ್ನು ಇಳಿಸಿಕೊಳ್ಳುವ ವಸ್ತು, ತಣ್ಣಗಿರುವಾಗ ನೂರಾರು ಓಮ್ ತಡೆ ತೋರಿಸಿ ನೀರು ಕುದಿಯುವ ಹೊತ್ತಿಗೆ ಹತ್ತಾರು ಓಮಿಗೆ ಇಳಿಯುತ್ತದೆ. ತಡೆ ಇಳಿದಂತೆ ಗೇಜಿನ ಮೂಲಕ ಹೆಚ್ಚು ವಿದ್ಯುತ್ ಹರಿದು ಮುಳ್ಳು ಮೇಲೇರುತ್ತದೆ. ಹಳೆಯ ಗೇಜುಗಳಲ್ಲಿ ಮುಳ್ಳನ್ನು ಎತ್ತುವುದು ಎರಡು ಲೋಹಗಳನ್ನು ಬೆಸೆದ ಪಟ್ಟಿಯಾದ್ದರಿಂದ, ಅದು ಬಿಸಿಯಾಗಿ ಬಾಗಲು ಸ್ವಲ್ಪ ಹೊತ್ತು ಬೇಕು. ಕೀಲಿ ತಿರುಗಿಸಿದ ಮೇಲೆ ಮುಳ್ಳು ನಿಧಾನವಾಗಿ ಏಳುವುದು ದೋಷವಲ್ಲ, ಅದು ಆ ಗೇಜಿನ ಸ್ವಭಾವ.

ಮುಳ್ಳು ಏಳದೆ ಸತ್ತಂತೆ ಬಿದ್ದಿದ್ದರೆ ಮೊದಲ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಕೀಲಿಯನ್ನು ಆನ್ ಮಾಡಿ, ಸೆನ್ಸರಿನ ತಲೆಗೆ ಸಿಕ್ಕಿಸಿದ ಒಂಟಿ ವೈರನ್ನು ಕಿತ್ತು, ಅದರ ತುದಿಯನ್ನು ಎಂಜಿನ್ನಿನ ಬರಿ ಲೋಹಕ್ಕೆ ಕೆಲವು ಕ್ಷಣ ಮಾತ್ರ ಮುಟ್ಟಿಸಿದಾಗ ಮುಳ್ಳು ಮೇಲಕ್ಕೆ ಹೊರಟರೆ ಗೇಜೂ ವೈರೂ ಸರಿಯಾಗಿವೆ, ದೋಷ ಸೆನ್ಸರಿನದು. ಹೊರಡದಿದ್ದರೆ ಫ್ಯೂಸಿನಿಂದ ಹಿಡಿದು ವೈರನ್ನು ಹುಡುಕುತ್ತ ಹೋಗಬೇಕು. ಹೀಗೆ ಹೆಚ್ಚು ಹೊತ್ತು ಮುಟ್ಟಿಸಿದರೆ ಗೇಜಿನೊಳಗಿನ ಸುರುಳಿ ಸುಟ್ಟುಹೋಗುವ ಅಪಾಯವಿದೆ. ಮುಳ್ಳು ಸದಾ ಕೆಂಪು ಗೆರೆಯಲ್ಲೇ ನಿಂತಿದ್ದರೆ ಅದೇ ವೈರನ್ನು ಕಿತ್ತು ನೋಡಬೇಕು: ಆಗಲೂ ಇಳಿಯದಿದ್ದರೆ ವೈರು ಎಲ್ಲೋ ಸಿಪ್ಪೆ ಸುಲಿದು ಕಾರಿನ ಲೋಹದ ಮೈಗೆ ತಗುಲಿರುವ ಸಾಧ್ಯತೆಯೇ ಹೆಚ್ಚು.

ಟೆಂಪರೇಚರ್ ಗೇಜಿನ ಜೊತೆಗೆ ಪೆಟ್ರೋಲ್ ಗೇಜೂ ತಪ್ಪು ತೋರಿಸತೊಡಗಿದರೆ ಎಂಜಿನ್ನಿನ ಕಡೆ ತಲೆ ಹಾಕುವ ಅಗತ್ಯವಿಲ್ಲ. ಬ್ರಿಟಿಷ್ ಮೂಲದ ಹಳೆಯ ಡ್ಯಾಶ್‌ಬೋರ್ಡುಗಳಲ್ಲಿ ಈ ಎರಡಕ್ಕೂ ಸರಾಸರಿ 10 ವೋಲ್ಟ್ ಒದಗಿಸುವ ವೋಲ್ಟೇಜ್ ಸ್ಟೆಬಿಲೈಸರ್ ಎಂಬ ಸಣ್ಣ ಪೆಟ್ಟಿಗೆ ಇರುತ್ತದೆ. ಅದರ ಅರ್ತ್ ಸಡಿಲವಾದರೆ ಎರಡೂ ಮುಳ್ಳುಗಳು ಒಟ್ಟಿಗೇ ಮೇಲಕ್ಕೆ ವಾಲುತ್ತವೆ. ಹೆಡ್‌ಲೈಟ್ ಹಾಕಿದಾಗ ಮುಳ್ಳು ಕದಲಿದರೂ ಅರ್ತಿನ ಮೇಲೆಯೇ ಅನುಮಾನ ಪಡಬೇಕು. ಸೆನ್ಸರಿಗಂತೂ ಬೇರೆ ಅರ್ತ್ ವೈರೇ ಇಲ್ಲ, ಅದರ ಮರೆಯೇ, ಅಂದರೆ ತಿರುಪಿನ ಹಲ್ಲುಗಳೇ ಅರ್ತ್. ನೀರು ಜಿನುಗಬಾರದೆಂದು ಕೊಳಾಯಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪನ್ನು ಅಲ್ಲಿಗೂ ದಪ್ಪಗೆ ಸುತ್ತಿದರೆ, ಒಳ್ಳೆಯ ಸೆನ್ಸರು ಕೂಡ ಕಡಿಮೆ ಕಾವನ್ನೇ ತೋರಿಸುತ್ತದೆ.

ಸೆನ್ಸರಿನ ಮೇಲೆಯೇ ಅನುಮಾನ ಉಳಿದರೆ ಅದನ್ನು ಬಿಚ್ಚಿ, ಇಕ್ಕಳದಲ್ಲಿ ಹಿಡಿದು, ಸ್ಟೀಲ್ ಪಾತ್ರೆಯ ನೀರಿನಲ್ಲಿ ತುದಿ ಮಾತ್ರ ಮುಳುಗುವಂತೆ ಇಳಿಬಿಟ್ಟು, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ತಲೆಗೂ ಇನ್ನೊಂದನ್ನು ಹಿತ್ತಾಳೆಯ ಮೈಗೂ ಒತ್ತಿ, ಒಲೆ ಹಚ್ಚಿ ಓಮಿನ ಅಂಕಿಗಳು ಇಳಿಯುವುದನ್ನು ನೋಡಬೇಕು. ನಯವಾಗಿ ಇಳಿಯುತ್ತ ಹೋದರೆ ಸೆನ್ಸರು ಆರೋಗ್ಯವಾಗಿದೆ, ನಡುವೆ ಜಿಗಿದರೆ ಅಥವಾ ಕದಲದೆ ನಿಂತರೆ ಅದರ ಆಯುಷ್ಯ ಮುಗಿದಿದೆ. ಪಾತ್ರೆಯ ನೀರು ಕುದಿಯತೊಡಗಿದಾಗ ಕಾವು 100 ಡಿಗ್ರಿ ಎಂದು ಭಾವಿಸಬಾರದು. ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿರುವ ಕೋಲಾರದ ಬಯಲಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ.

ಈ ಮೂರು ಡಿಗ್ರಿಯ ವ್ಯತ್ಯಾಸಕ್ಕೆ ಹಳಸಿದ ರೇಡಿಯೇಟರ್ ಕ್ಯಾಪ್ ಸೇರಿಕೊಂಡಾಗ ಇಲ್ಲಿ ಗೇಜುಗಳು ಅನ್ಯಾಯವಾಗಿ ಆಪಾದನೆ ಹೊರುತ್ತವೆ. ರೇಡಿಯೇಟರ್ ಕ್ಯಾಪ್ ಬರಿಯ ಮುಚ್ಚಳವಲ್ಲ. ಸ್ಪ್ರಿಂಗು ಮತ್ತು ರಬ್ಬರಿನ ಬಲದಿಂದ ಒಳಗಿನ ಒತ್ತಡವನ್ನು ಹಿಡಿದಿಟ್ಟು, ನೀರಿನ ಕುದಿಬಿಂದುವನ್ನು 115 ಡಿಗ್ರಿಯ ಆಸುಪಾಸಿಗೆ ಎತ್ತುವ ಕವಾಟ ಅದು. ಆ ರಬ್ಬರು ಹಳಸಿ ಬಿರುಕು ಬಿಟ್ಟಾಗ ಒತ್ತಡ ನಿಲ್ಲದೆ ನೀರು 97ಕ್ಕೇ ಕೊತಕೊತನೆ ಕುದಿದು ಹೊರಚೆಲ್ಲುತ್ತದೆ, ಅತ್ತ ಮುಳ್ಳು ಮಾತ್ರ ಅರ್ಧಕ್ಕಿಂತ ತುಸು ಮೇಲೆ ನಿಂತು ನಿಜವನ್ನೇ ಹೇಳುತ್ತಿರುತ್ತದೆ. ನೀರು ಕುದಿಯುತ್ತಿದ್ದರೂ ಮೀಟರು ತೋರಿಸುತ್ತಿಲ್ಲ ಎಂದು ಗೇಜನ್ನು ಬದಲಿಸಿದರೆ ಹಣ ಹೋಗುತ್ತದೆ, ರೋಗ ಉಳಿಯುತ್ತದೆ. ಇದಕ್ಕೆ ತದ್ವಿರುದ್ಧವಾದುದು ಥರ್ಮೋಸ್ಟಾಟ್ ಕಿತ್ತೆಸೆಯುವ ರೂಢಿ. ಥರ್ಮೋಸ್ಟಾಟ್ ಎಂದರೆ ಎಂಜಿನ್ 82 ಅಥವಾ 88 ಡಿಗ್ರಿ ತಲಪುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಬಾಗಿಲು. ಗಾಡಿ ತಣ್ಣಗಿರಲಿ ಎಂದು ಅದನ್ನು ತೆಗೆದ ಕಾರು ಹೆದ್ದಾರಿಯಲ್ಲಿ ಓಡುವಾಗ ಮುಳ್ಳು ಅರ್ಧಕ್ಕೂ ಬಾರದೆ ಹೋಗುತ್ತದೆ, ಎಂಜಿನ್ ಸರಿಯಾದ ಕಾವಿಗೆ ಬಾರದೆ ಹೆಚ್ಚು ಪೆಟ್ರೋಲ್ ಕುಡಿದು ಬೇಗ ಸವೆಯುತ್ತದೆ.

ಇನ್ನು ನೀರಿನ ವಿಷಯ. ಸಾವಿರ ಅಡಿ ದಾಟಿದ ಕೊಳವೆಬಾವಿಗಳ ನೀರನ್ನು ವರ್ಷಗಟ್ಟಲೆ ರೇಡಿಯೇಟರಿಗೆ ಸುರಿದ ಕಾರಿನ ಸೆನ್ಸರನ್ನು ಬಿಚ್ಚಿದರೆ, ಮನೆಯ ಹಂಡೆಯ ತಳದಲ್ಲಿ ಕಾಣುವ ಅದೇ ಸುಣ್ಣದ ಬಿಳಿ ಹಕ್ಕಳೆ ತುದಿಗೆ ಅಂಟಿರುತ್ತದೆ. ಹಕ್ಕಳೆ ಕಾವನ್ನು ತಡೆದು ನಿಲ್ಲಿಸುವುದರಿಂದ ಮುಳ್ಳು ಸುದ್ದಿಯನ್ನು ತಡವಾಗಿ ಹೇಳುತ್ತದೆ. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆಯಾದರೂ ಎಂಜಿನ್ನಿಗೆ ಬೇಕಾದುದು ಕೆರೆಯ ನೀರೂ ಅಲ್ಲ, ಬೋರಿನ ನೀರೂ ಅಲ್ಲ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ಬೆರೆಸಿದ ಕೂಲಂಟ್.

ಮೇಲೇರುವ ಮುಳ್ಳಿಗೆ ಎಲ್ಲರೂ ಅಂಜುತ್ತಾರೆ, ಆದರೆ ಹೆಚ್ಚು ಅಂಜಬೇಕಾದುದು ಏರಿ ಥಟ್ಟನೆ ಇಳಿಯುವ ಮುಳ್ಳಿಗೆ. ಸೆನ್ಸರು ಅಳೆಯುವುದು ತನ್ನನ್ನು ಮುಟ್ಟಿದ ನೀರಿನ ಕಾವನ್ನು. ಹೋಸ್ ಒಡೆದು ನೀರೆಲ್ಲ ಸೋರಿದ ಮೇಲೆ ಅದು ಬರಿ ಹಬೆಯಲ್ಲಿ ಉಳಿದು ಕಡಿಮೆ ಕಾವನ್ನು ಹೇಳುತ್ತದೆ, ಅದೇ ಹೊತ್ತಿನಲ್ಲಿ ಹೆಡ್ ಗ್ಯಾಸ್ಕೆಟ್ ಸುಡುತ್ತಿರುತ್ತದೆ. ಚಿತ್ತೂರಿನ ಕಡೆಯಿಂದ ಮೊಗಿಲಿ ಘಾಟಿ ಹತ್ತಿ ನಂಗಲಿಯತ್ತ ಬರುವ ಕಾರಿನಲ್ಲಿ ಮುಳ್ಳು ಮುಕ್ಕಾಲಕ್ಕೆ ಏರಿ ಇದ್ದಕ್ಕಿದ್ದಂತೆ ಕೆಳಗೆ ಬಿದ್ದರೆ, ಗಾಡಿ ತಣ್ಣಗಾಯಿತೆಂದು ಆಕ್ಸಿಲರೇಟರ್ ಒತ್ತದೆ ಕೂಡಲೇ ರಸ್ತೆಬದಿಗೆ ನಿಲ್ಲಿಸಿ ಎಂಜಿನ್ ಆರಿಸಬೇಕು. ಕ್ಯಾಪನ್ನು ಮುಟ್ಟದೆ ಅರ್ಧ ಗಂಟೆಯಾದರೂ ಕಾದು, ರೇಡಿಯೇಟರ್ ಪೂರ್ತಿ ಆರಿದೆಯೆಂದು ಖಚಿತವಾದ ಮೇಲೆ ಬಟ್ಟೆ ಹಿಡಿದು ಮೆಲ್ಲಗೆ ತಿರುವಿ, ಸೋರುವ ಜಾಗವನ್ನು ಕಂಡುಕೊಂಡು ಕಟ್ಟಿದ ಬಳಿಕ ಸ್ವಲ್ಪಸ್ವಲ್ಪವಾಗಿ ನೀರು ತುಂಬಿ ಎಂಜಿನ್ ಹಚ್ಚಿದರೆ, ಸೆನ್ಸರಿನ ತುದಿ ಮತ್ತೆ ನೀರಿನಲ್ಲಿ ಮುಳುಗಿ ಮುಳ್ಳು ಎಂದಿನ ನಿಧಾನದಲ್ಲೇ ಮೇಲೇಳತೊಡಗುತ್ತದೆ.