ಬೂಸಾ, ಯಂತ್ರ ಮತ್ತು ತಾತನ ತಮಟೆ

ಮನುಷ್ಯನ ಸೃಜನಶೀಲತೆ ಅಪಾಯದಲ್ಲಿದೆ ಎಂಬ ಮಾತು ಈಗ ನಮ್ಮ ವಿಚಾರ ಸಂಕಿರಣಗಳಲ್ಲೆಲ್ಲ ಕೇಳಿಬರುತ್ತಿದೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲಂತೂ ಕವಿಗಳು, ಕತೆಗಾರರು, ಮೇಷ್ಟರುಗಳು ಎಲ್ಲರೂ ಒಂದೇ ದನಿಯಲ್ಲಿ ಕಳವಳಪಡುತ್ತಿದ್ದಾರೆ. ಕಳವಳ ಸುಳ್ಳಲ್ಲ, ಅದರಲ್ಲಿ ನನ್ನದೂ ಪಾಲಿದೆ. ಆದರೆ ಕೇರಿಯಿಂದ ಬಂದು, ಕನ್ನಡ ಎಂ.ಎ. ಮಾಡಿ, ಪಾಠ ಹೇಳುತ್ತಿರುವ ನನಗೆ ಒಂದು ಪ್ರಶ್ನೆ ಗಂಟಲಲ್ಲಿ ಸಿಕ್ಕಿಕೊಂಡಿದೆ: ಇಲ್ಲಿ ಮನುಷ್ಯ ಅಂದರೆ ಯಾರು? ಚರ್ಮ ಹದ ಮಾಡುವುದನ್ನು, ತಮಟೆ ಕಟ್ಟುವುದನ್ನು, ನಾಟಿ ಹಾಕುತ್ತ ಪದ ಹೇಳುವುದನ್ನು ನಮ್ಮ ವಿಮರ್ಶೆ ಯಾವತ್ತು ಸೃಜನಶೀಲತೆ ಅಂತ ಕರೆದಿತ್ತು? ಒಂದನ್ನು ಕುಲಕಸುಬು ಅಂದಿತು, ಇನ್ನೊಂದನ್ನು ಜಾನಪದ ಅಂದಿತು. ಪ್ರತಿಭೆ ಎಂಬ ಮಾತನ್ನು ಮಾತ್ರ ಅಕ್ಷರಸ್ಥರಿಗೆ ಕಾದಿಟ್ಟಿತು.

1973ರಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಅಂದಾಗ ರಾಜ್ಯವೇ ಹೊತ್ತಿಕೊಂಡಿತು. ಅವರು ಮಂತ್ರಿ ಪದವಿ ಬಿಡಬೇಕಾಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಇವತ್ತು ಯಂತ್ರಕ್ಕೆ ಮೇವಾಗಿರುವುದು ಹಾಗೆ ಬರೆದು, ಅಚ್ಚಾಗಿ, ಅಂತರ್ಜಾಲ ಸೇರಿದ ಅಕ್ಷರರಾಶಿಯೇ. ಯಂತ್ರದ ಕೆಲಸದ ಬಗೆಯನ್ನು ಸರಳವಾಗಿ ಹೇಳುವುದಾದರೆ, ಕೋಟ್ಯಂತರ ವಾಕ್ಯ ತಿಂದು, ಒಂದು ಪದದ ಮುಂದೆ ಯಾವ ಪದ ಬರುವ ಸಂಭವ ಹೆಚ್ಚು ಅಂತ ಲೆಕ್ಕ ಹಾಕುವುದು. ಹೆಚ್ಚು ಸಲ ಬರೆದದ್ದು ಅದಕ್ಕೆ ಹೆಚ್ಚು ಸಹಜ. ಬರೆಯದೆ ಉಳಿದದ್ದು ಅದರ ಪಾಲಿಗೆ ಹುಟ್ಟೇ ಇಲ್ಲ. ಶತಮಾನಗಳ ಕಾಲ ಅಕ್ಷರ ಯಾರ ಕೈಲಿತ್ತು ಅಂತ ಬೇರೆ ಹೇಳಬೇಕೆ?

ಕಳೆದ ವರ್ಷ ಬಿ.ಎ. ಮಕ್ಕಳಿಗೆ ‘ನಮ್ಮ ಬೀದಿ’ ಅಂತ ಬರೆದು ತನ್ನಿ ಅಂದಿದ್ದೆ. ಕೇರಿಯ ಹುಡುಗಿಯೊಬ್ಬಳು ಎರಡು ಪುಟ ತಂದಳು. ಒಂದು ಕಾಗುಣಿತ ತಪ್ಪಿಲ್ಲ. ಹಚ್ಚಹಸಿರು ಪೈರು, ಗುಡಿಯ ಗಂಟೆ, ಅಂಗಳದ ರಂಗೋಲಿ, ಒಂದೇ ಕುಟುಂಬದಂತೆ ಬಾಳುವ ಜನ. ಓದಿ ಹೊಟ್ಟೆ ತೊಳಸಿದಂತಾಯಿತು. ಆ ಗಂಟೆಯ ಗುಡಿಯೊಳಗೆ ಅವಳ ಮನೆಯವರು ಇವತ್ತಿಗೂ ಕಾಲಿಟ್ಟಿಲ್ಲ. ಫೋನು ಬರೆದುಕೊಟ್ಟದ್ದು ಅಂತ ಅವಳೇ ಒಪ್ಪಿಕೊಂಡಳು.

“ಯಾಕವ್ವಾ, ನಿಮ್ ಬೀದಿ ನಿಂಗೆ ಗೊತ್ತಿಲ್ವಾ?” ಅಂದೆ.

“ಗೊತ್ತು ಸಾರ್. ಓದ್ಸಲ ನಾನೇ ಬರ್ದಿದ್ದೆ. ನೀವು ಪುಟದ ತುಂಬ ಕೆಂಪು ಗೀಟು ಹಾಕಿದ್ರಿ.”

ನನ್ನ ಬಾಯಿ ಕಟ್ಟಿತು. ಅವಳ ‘ಆಲು’ ಎಂಬುದನ್ನು ‘ಹಾಲು’ ಅಂತ ತಿದ್ದಿದವನು ನಾನೇ. ನನ್ನ ಕೆಂಪು ಗೀಟು ಆ ಯಂತ್ರಕ್ಕಿಂತ ಮುಂಚೆ ಹುಟ್ಟಿದ ಅದರ ಅಣ್ಣ.

ಕೂರಿಸಿಕೊಂಡು, ಬಾಯಲ್ಲೇ ಹೇಳು ಅಂದೆ. ತಾತ ಹುಲ್ಲು ಉರಿಸಿ ತಮಟೆ ಕಾಯಿಸುವುದನ್ನು ಹೇಳತೊಡಗಿದಳು. “ಚರ್ಮ ಬಿಗಿ ಆಯ್ತಾ ಅಂತ ಬೆರಳಲ್ಲಿ ತಟ್ಟಿ ಕಿವಿ ಕೊಡ್ತಾನೆ ಸಾರ್. ಸಾವಿನ್ ಬಡ್ತನೇ ಬ್ಯಾರೆ, ಜಾತ್ರೆ ಬಡ್ತನೇ ಬ್ಯಾರೆ. ನಮ್ಮಜ್ಜಿ ಸತ್ತ ದಿನ ಮಾತ್ರ ತಮಟೆ ಮುಟ್ನಿಲ್ಲ.”

ಈ ಕಡೆಯ ಮಾತನ್ನು ಯಂತ್ರ ಬರೆಯಲಾರದು ಅಂತ ನಾನು ಪಂಥ ಕಟ್ಟುವುದಿಲ್ಲ. ನಾಳೆ ಬರೆದರೂ ಬರೆದೀತು. ಆದರೆ ಆ ಬರಹದ ಹಿಂದೆ ಸತ್ತ ಅಜ್ಜಿ ಇರುವುದಿಲ್ಲ, ಸುಮ್ಮನೆ ಕೂತ ತಾತ ಇರುವುದಿಲ್ಲ. ಬರಹದ ಬೆಲೆ ಅದರ ಚೆಂದದಲ್ಲಿ ಮಾತ್ರ ಇಲ್ಲ, ಅದನ್ನು ಹೇಳಲು ಯಾರು ಏನು ತೆತ್ತರು ಎಂಬುದರಲ್ಲಿಯೂ ಇದೆ ಅಂತ ದಲಿತ ಸಾಹಿತ್ಯ ಮೊದಲಿಂದಲೂ ವಾದಿಸುತ್ತ ಬಂದಿದೆ. ಆಗ ಅದನ್ನು ಬರೀ ಅನುಭವವಾದ ಅಂತ ತಳ್ಳಿಹಾಕಿದವರೇ ಈಗ ಯಂತ್ರದೆದುರು ಅನುಭವದ ಜಪ ಮಾಡುತ್ತಿದ್ದಾರೆ.

ಭಾಷೆಯ ಪ್ರಶ್ನೆಯೂ ಹೀಗೆಯೇ. ದೇವನೂರ ಮಹಾದೇವರ ‘ಕುಸುಮಬಾಲೆ’ (1984) ನಂಜನಗೂಡು ಸೀಮೆಯ ಆಡುನುಡಿಯಲ್ಲಿ ಬಂದಾಗ, ಇದೆಂಥ ಕನ್ನಡ, ಅರ್ಥವಾಗದು ಅಂದವರು ಕಡಿಮೆ ಇರಲಿಲ್ಲ. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಬರಹದ ಕನ್ನಡ ನಿರೀಕ್ಷಿಸಿರದ ಮಾತುಗಳಿಂದಲೇ ಕಟ್ಟಿದ ಕೃತಿ ಅದು. ಹೆಚ್ಚು ಸಂಭವವಿರುವುದನ್ನೇ ಸರಿ ಎನ್ನುವ ಲೆಕ್ಕಕ್ಕೆ ಅದರ ಸಾಲುಗಳು ತಿದ್ದಬೇಕಾದ ತಪ್ಪುಗಳಾಗಿಯೇ ಕಂಡಾವು.

ಇನ್ನು ಹೆಸರು ಮತ್ತು ಕೂಲಿಯ ಮಾತು. ನಮ್ಮ ಎಷ್ಟೋ ಜಾನಪದ ಸಂಕಲನಗಳ ಮುಖಪುಟದಲ್ಲಿ ಸಂಗ್ರಹಿಸಿದವರ ಹೆಸರಿದೆ. ಹಾಡಿದ ಅವ್ವನ ಹೆಸರು ಕೊನೆಯ ಪುಟದಲ್ಲಿ, ಕೆಲವು ಕಡೆ ಅಲ್ಲೂ ಇಲ್ಲ. ಯಂತ್ರ ಆ ಕೊನೆಯ ಪುಟವನ್ನೂ ಹರಿದುಹಾಕಿದೆ. ಅಮೆರಿಕದ ಚಿತ್ರಕಥೆಗಾರರು 2023ರಲ್ಲಿ 148 ದಿನ ಮುಷ್ಕರ ಹೂಡಿ, ಯಂತ್ರ ಬರೆದದ್ದನ್ನು ಲೇಖಕನ ಕೃತಿಯೆಂದು ಎಣಿಸಕೂಡದು ಎಂಬ ಕರಾರು ಪಡೆದರು. ಅವರಿಗೆ ಸಂಘ ಇತ್ತು. ಸೋಬಾನೆ ಹೇಳುವವರಿಗೆ ಯಾವ ಸಂಘವಿದೆ? ಬೆಂಗಳೂರಿನ ‘ಕಾರ್ಯ’ ಎಂಬ ಸಂಸ್ಥೆ ಯಂತ್ರದ ಕಲಿಕೆಗಾಗಿ ನಮ್ಮ ಹಳ್ಳಿಯವರಿಂದ ಫೋನಿಗೆ ಕನ್ನಡ ವಾಕ್ಯ ಓದಿಸಿ, ಗಂಟೆಗೆ ಸುಮಾರು 5 ಡಾಲರ್ ಕೊಡುತ್ತದೆ ಎಂದು 2023ರಲ್ಲಿ ವರದಿಯಾಯಿತು. ಪುಕ್ಕಟೆ ದೋಚುವುದಕ್ಕಿಂತ ಇದು ಎಷ್ಟೋ ಮೇಲು. ಆದರೂ ಓದಬೇಕಾದ ವಾಕ್ಯ ಪರದೆಯ ಮೇಲೆ ಮೊದಲೇ ಬರೆದಿರುತ್ತದೆ. ದನಿ ಅವರದು, ಮಾತು ಇನ್ನೊಬ್ಬರದು.

ಇಲ್ಲೊಂದು ಎಚ್ಚರ ಬೇಕು. ಯಂತ್ರಕ್ಕೆ ಹೆದರಿ ತಮಟೆಯನ್ನು ಕೊಂಡಾಡಲು ಹೊರಟವರು, ಅದನ್ನು ಬಡಿಯಲು ಒಲ್ಲೆ ಎಂದವರನ್ನೂ ನೆನೆಯಬೇಕು. ಊರ ಸಾವಿಗೆ ಬಿಟ್ಟಿಯಾಗಿ ತಮಟೆ ಬಡಿಯುವುದಿಲ್ಲ ಎಂದು ಬಹಿಷ್ಕಾರ ಉಂಡ ಕೇರಿಗಳಿವೆ. 2023ರಲ್ಲಿ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದಾಗ ನಾವೆಲ್ಲ ಹಿಗ್ಗಿದೆವು. ಹಿಗ್ಗಬೇಕಾದ್ದೇ. ಆದರೆ ಬೆಲೆ ಕೊಡುವುದೆಂದರೆ ಶಾಲು ಹೊದಿಸುವುದಷ್ಟೇ ಅಲ್ಲ. ಹೆಸರು ಬೇಕು, ಕೂಲಿ ಬೇಕು, ಒಲ್ಲೆ ಅನ್ನುವ ಹಕ್ಕೂ ಬೇಕು. ತಾತನ ಮೊಮ್ಮಗಳು ತಮಟೆಯ ಕಡೆ ತಿರುಗಿಯೂ ನೋಡದೆ ಆ ಯಂತ್ರವನ್ನೇ ಕಲಿತು ಪಳಗಿಸಿದರೆ ನಾನು ಬೇಡ ಅನ್ನುವುದಿಲ್ಲ. ಯಂತ್ರ ಕೇರಿಗೆ ಬೇಡ, ಕೇರಿ ಕೇರಿಯಾಗಿಯೇ ಚೆಂದ ಅನ್ನುವವರು ಹೊಸ ಪುರೋಹಿತರು.

ಹುಡುಗಿ ಮತ್ತೆ ಬರೆದು ತಂದಳು. ಒಂದೂವರೆ ಪುಟ. ‘ಆಲು’ ಆಲಾಗಿಯೇ ಇತ್ತು. ನನ್ನ ಕೈ ತಾನಾಗಿ ಜೇಬಿನ ಕೆಂಪು ಪೆನ್ನಿಗೆ ಹೋಯಿತು, ತೆಗೆಯಲಿಲ್ಲ. ಆದರೆ ಪರೀಕ್ಷೆಯಲ್ಲಿ ಇದೇ ಪುಟವನ್ನು ಬೇರೆ ಮೇಷ್ಟರು ತಿದ್ದುತ್ತಾರೆ, ಫೋನಿನ ಕನ್ನಡ ಬರೆದವರಿಗೆ ಅಂಕ ಬರುತ್ತದೆ, ಇವಳಿಗೆ ಹೋಗುತ್ತದೆ. ಅದು ನನಗೆ ಗೊತ್ತು, ಅವಳಿಗೂ ಗೊತ್ತು. ಈ ಇಕ್ಕಟ್ಟಿಗೆ ನನ್ನೊಬ್ಬನ ಹತ್ತಿರ ಉತ್ತರವಿಲ್ಲ. ಯಂತ್ರದ ಮಾತು ಎತ್ತುವ ಮುಂಚೆ ನಾವು, ಪಾಠ ಹೇಳುವವರು, ಕೂತು ಮಾತಾಡಬೇಕಾದ್ದು ಇದನ್ನೇ.