ಕೊಂದ ಲೆಕ್ಕ, ಉಳಿದ ಹವಳ

ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ 1985ರಿಂದ 2012ರವರೆಗೆ ಹವಳದ ಹೊದಿಕೆ ಅರ್ಧದಷ್ಟು ನಶಿಸಿತೆಂದೂ, ಆ ನಷ್ಟದ ಶೇಕಡ 42 ಭಾಗಕ್ಕೆ ಮುಳ್ಳುಕಿರೀಟದ ನಕ್ಷತ್ರಮೀನೇ ಕಾರಣವೆಂದೂ ವಿಜ್ಞಾನಿಗಳು ಅಂದಾಜಿಸಿದ್ದಾರೆ. ಜಠರವನ್ನೇ ಬಾಯಿಂದ ಹೊರಚೆಲ್ಲಿ, ಹವಳದ ಜೀವಾಂಶವನ್ನು ಕರಗಿಸಿ ಹೀರಿ, ಬಿಳಿಯ ಸುಣ್ಣದ ಕಂಕಾಲವನ್ನಷ್ಟೇ ಉಳಿಸಿ ಹೋಗುವ ಈ ಪ್ರಾಣಿ ಆ ಸಾಗರಕ್ಕೆ ಪರಕೀಯವಲ್ಲ. ಹೆಣ್ಣೊಂದು ಕೋಟಿಗಟ್ಟಲೆ ಮೊಟ್ಟೆಯಿಡಬಲ್ಲುದಾದ್ದರಿಂದ, ಮರಿಗಳು ಬದುಕುಳಿಯುವ ಪ್ರಮಾಣ ಸ್ವಲ್ಪ ಏರಿದರೂ ಸ್ವಾಭಾವಿಕ ಜೀವಿಯೇ ಉಪದ್ರವವಾಗಿ ಪರಿಣಮಿಸುತ್ತದೆ.

ಇದರ ನಿವಾರಣೆಗೆ ಮುಳುಗುಗಾರರು ಸೂಜಿ ಹಿಡಿದು ನೀರಿಗಿಳಿಯುತ್ತಾರೆ. ಮೊದಲು ಬಳಸುತ್ತಿದ್ದ ಸೋಡಿಯಂ ಬೈಸಲ್ಫೇಟನ್ನು ಒಂದೇ ಪ್ರಾಣಿಗೆ ಹತ್ತಾರು ಬಾರಿ ಚುಚ್ಚಬೇಕಾಗಿತ್ತು. ಪಶುಪಿತ್ತದ ಲವಣವನ್ನೋ ವಿನೆಗರನ್ನೋ ಒಮ್ಮೆ ಚುಚ್ಚಿದರೆ ಸಾಕೆಂಬುದು ಗೊತ್ತಾದ ಮೇಲೆ ಅದೇ ಶ್ರಮದಲ್ಲಿ ಬಹಳ ಹೆಚ್ಚು ಕೆಲಸ ಸಾಗಿತು. ಈ ಸುಧಾರಣೆ ನಿಸ್ಸಂದೇಹವಾಗಿ ಶ್ಲಾಘ್ಯ. ಆದರೆ ಜಪಾನಿನ ರ್ಯೂಕ್ಯೂ ದ್ವೀಪಗಳಲ್ಲಿ 1970ರಿಂದ 1983ರವರೆಗೆ ಸುಮಾರು 1 ಕೋಟಿ 30 ಲಕ್ಷ ನಕ್ಷತ್ರಮೀನುಗಳನ್ನು ತೆಗೆದೂ ಹವಳವನ್ನು ಉಳಿಸಿಕೊಳ್ಳಲಾಗಲಿಲ್ಲವೆಂಬುದನ್ನು ನೆನೆದಾಗ, ಕೊಂದವುಗಳ ಸಂಖ್ಯೆಯನ್ನೇ ಯಶಸ್ಸಿನ ಮಾನದಂಡವಾಗಿಸುವ ಪದ್ಧತಿ ಎಷ್ಟು ದುರ್ಬಲವೆಂಬುದು ಸ್ಪಷ್ಟವಾಗುತ್ತದೆ.

ಕೈವಾರ, ಚಿಂತಾಮಣಿ, ಶಿಡ್ಲಘಟ್ಟಗಳ ರೇಷ್ಮೆ ಸೀಮೆಯವರಿಗೆ ಈ ವಿವೇಚನೆ ಅಪರಿಚಿತವಲ್ಲ. 1980ರಲ್ಲಿ ಬಂಗಾಳದಿಂದ ಕರ್ನಾಟಕಕ್ಕೆ ಬಂದ ಊಜಿ ನೊಣ ರೇಷ್ಮೆಹುಳುವಿನ ಮೈಮೇಲೆ ಮೊಟ್ಟೆಯಿಟ್ಟು, ಅದರ ಮರಿ ಹುಳುವಿನೊಳಗೆ ಕೊರೆದು ಬೆಳೆಯುವಾಗ, ರೈತನು ಸಿಕ್ಕಿದ ನೊಣಗಳನ್ನು ಕೊಂದು ಕೈತೊಳೆದುಕೊಳ್ಳುವುದಿಲ್ಲ. ಹುಳುಮನೆಯ ಕಿಟಕಿಗೆ ನೈಲಾನ್ ಬಲೆ ಕಟ್ಟುತ್ತಾನೆ, ನೆಲಕ್ಕುದುರಿದ ಊಜಿಮರಿಗಳನ್ನು ಆಯ್ದು ನಾಶಮಾಡುತ್ತಾನೆ, ಊಜಿಯ ಕೋಶವನ್ನೇ ತಿನ್ನುವ ನೆಸೋಲಿಂಕ್ಸ್ ಥೈಮಸ್ ಎಂಬ ಪರಜೀವಿ ಕೀಟವನ್ನು ಬಿಡುತ್ತಾನೆ. ಕೊನೆಗೆ ಗೂಡಿನ ಮಾರುಕಟ್ಟೆಯಲ್ಲಿ ಅವನು ಲೆಕ್ಕ ಹಾಕುವುದು ಸತ್ತ ನೊಣಗಳನ್ನಲ್ಲ, ತೂಗಿದ ಗೂಡುಗಳನ್ನು.

ಆಸ್ಟ್ರೇಲಿಯದ ಈಚಿನ ಯೋಜನೆ ಈ ದಾರಿಗೇ ಹೊರಳಿದೆ: ಆಯ್ದ ಹವಳದಿಬ್ಬಗಳಲ್ಲಿ, ಹವಳದ ಬೆಳವಣಿಗೆ ಭಕ್ಷಣೆಯನ್ನು ಮೀರುವ ಮಿತಿಗೆ ನಕ್ಷತ್ರಮೀನು ಇಳಿಯುವವರೆಗೆ ಮತ್ತೆ ಮತ್ತೆ ಹೋಗಿ ಕೆಲಸ ಮಾಡುವುದು. ಇದನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಆದರೂ ಇದು ಅರ್ಧ ಕೆಲಸ; ಉಪದ್ರವ ಏಳುವ ಕಾರಣವನ್ನು ಇದು ಮುಟ್ಟುವುದಿಲ್ಲ. ಹೊಲಗಳಿಂದ ನದಿಗಳು ಹೊತ್ತು ತರುವ ಪೋಷಕಾಂಶ ಸೂಕ್ಷ್ಮ ಸಸ್ಯಗಳನ್ನು ಹೆಚ್ಚಿಸಿ ಮರಿಗಳಿಗೆ ಆಹಾರವೀಯುತ್ತದೆಂಬ ವಾದ ಇನ್ನೂ ಚರ್ಚೆಯಲ್ಲಿದೆ. ಮೀನುಗಾರಿಕೆ ನಿಷೇಧವಿರುವ ವಲಯಗಳಲ್ಲಿ ಉಪದ್ರವ ಕಡಿಮೆಯೆಂಬುದು ಮಾತ್ರ ಅವಲೋಕನದಿಂದ ಕಂಡುಬಂದಿದೆ. ಆದುದರಿಂದ ಸೂಜಿಗೆ ಮೀಸಲಿಟ್ಟ ಹಣದೊಡನೆ ಈ ವಲಯಗಳ ವಿಸ್ತರಣೆಗೂ ಕಾವಲಿಗೂ ನಿಯತವಾದ ಪಾಲು ಇರತಕ್ಕದ್ದು.