ಸಹರೋಗಗಳ ಲೆಕ್ಕ: ಹೊಗೆಸೊಪ್ಪಿನ ಸೀಮೆಯನ್ನು ಕುರಿತು ಒಂದು ವಿಮರ್ಶೆ

ಒಂದು ಪ್ರಧಾನರೋಗದೊಡನೆ ಅದೇ ದೇಹದಲ್ಲಿ ನೆಲೆಸಿರುವ ಇತರ ವ್ಯಾಧಿಗಳನ್ನು ಈಚಿನ ವೈದ್ಯಬರಹಗಳು ಸಹರೋಗಗಳೆಂದು ಕರೆಯುತ್ತವೆ. ಹೆಸರು ಸುಲಭವಾದುದು, ಅರ್ಥ ಮಾತ್ರ ಸಡಿಲ. ಒಂದೇ ಮನೆಯಲ್ಲಿ ಬೇರೆ ಬೇರೆ ಒಲೆ ಹೂಡಿಕೊಂಡ ಬಾಡಿಗೆಯವರಂತೆ ಈ ರೋಗಗಳು ಇರುತ್ತವೆಂಬ ಭಾವನೆಯನ್ನು 'ಸಹ' ಎಂಬ ಮಾತು ಹುಟ್ಟಿಸುತ್ತದೆ. ಚರಕಸಂಹಿತೆಯ ನಿದಾನಸ್ಥಾನದಲ್ಲಿ ಇದಕ್ಕಿಂತ ಸೂಕ್ಷ್ಮವಾದ ವಿವೇಚನೆಯುಂಟು. ಒಂದು ರೋಗವೇ ಮತ್ತೊಂದಕ್ಕೆ ನಿದಾನವಾಗಬಹುದೆಂದೂ, ನೆಗಡಿಯಿಂದ ಕೆಮ್ಮು, ಕೆಮ್ಮಿನಿಂದ ಕ್ಷಯ ಹುಟ್ಟಬಹುದೆಂದೂ ಅಲ್ಲಿ ಹೇಳಿದೆ. ಆ ಕ್ರಮವನ್ನು ಇಂದಿನ ವೈದ್ಯವು ಇದ್ದಂತೆಯೇ ಒಪ್ಪಲಾರದು. ಆದರೆ ರೋಗಗಳು ಒಂದನ್ನೊಂದು ತೊಡರಿಕೊಂಡಿರುತ್ತವೆಂಬ ಮೂಲದೃಷ್ಟಿಯನ್ನು ಬಿಟ್ಟರೆ, ಶ್ವಾಸಕೋಶದ ಅರ್ಬುದದ, ಎಂದರೆ ಕ್ಯಾನ್ಸರಿನ, ಚಿಕಿತ್ಸಾವೆಚ್ಚವನ್ನು ಕುರಿತ ಬರಹಗಳು ಎಲ್ಲಿ ಎಡವುತ್ತವೆಂಬುದು ಗೋಚರವಾಗದು.

ಇಂಥ ಬರಹಗಳಲ್ಲಿ ಬಹಳವಾಗಿ ಬಳಕೆಯಲ್ಲಿರುವ ಅಳತೆಗೋಲು 1987ರಲ್ಲಿ ಮೇರಿ ಚಾರ್ಲ್‌ಸನ್ ಮತ್ತು ಸಂಗಡಿಗರು ಪ್ರಕಟಿಸಿದ ಸೂಚಿ. ಅದರಲ್ಲಿ 19 ವ್ಯಾಧಿಗಳಿಗೆ ಅವುಗಳ ಉಗ್ರತೆಗೆ ತಕ್ಕಂತೆ 1ರಿಂದ 6ರವರೆಗೆ ಅಂಕಗಳನ್ನು ಕೊಟ್ಟಿದೆ. ನ್ಯೂಯಾರ್ಕಿನ ಆಸ್ಪತ್ರೆಯೊಂದರ 559 ರೋಗಿಗಳನ್ನು ನೋಡಿ ಕಟ್ಟಿದ, ಸ್ತನದ ಅರ್ಬುದವಿದ್ದ 685 ಮಂದಿಯಲ್ಲಿ ಪರೀಕ್ಷಿಸಿದ ಪಟ್ಟಿಯಿದು. ಮರಣದ ಸಂಭವವನ್ನು ಮುಂದಾಗಿ ಹೇಳುವುದೇ ಅದರ ಉದ್ದೇಶ. ಹಣದ ಲೆಕ್ಕಕ್ಕೆ ಅದನ್ನು ಹಚ್ಚಿದವರು ತರುವಾಯದವರು. ಗ್ರಂಥವೊಂದು ಯಾವ ದೇಶದಲ್ಲಿ, ಯಾರಿಗಾಗಿ ಹುಟ್ಟಿತೆಂದು ಕೇಳುವುದು ಸಾಹಿತ್ಯವಿಮರ್ಶೆಯ ಮೊದಲ ಪಾಠವಷ್ಟೆ. ಈ ಪಟ್ಟಿಗೂ ಅದೇ ಪ್ರಶ್ನೆಯನ್ನು ಹಾಕಬೇಕು. ಅದರಲ್ಲಿ ಕ್ಷಯರೋಗದ ಹೆಸರೇ ಇಲ್ಲ. ನ್ಯೂಯಾರ್ಕಿಗೆ ಅದು ಲೋಪವಲ್ಲದಿರಬಹುದು. ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಕ್ಷಯರೋಗದ ಆಸ್ಪತ್ರೆಯನ್ನೇ ಕಟ್ಟಬೇಕಾಗಿ ಬಂದ ಮೈಸೂರಿಗೆ ಅದು ದೊಡ್ಡ ಲೋಪ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳು ವರ್ಜೀನಿಯ ಹೊಗೆಸೊಪ್ಪಿನ ಸೀಮೆ. 1975ರ ಕಾಯಿದೆಯಿಂದ ತಂಬಾಕು ಮಂಡಳಿ ಹುಟ್ಟಿತು. 1984ರಿಂದ ಕರ್ನಾಟಕದಲ್ಲಿ ಅದರ ಹರಾಜು ನಡೆಯುತ್ತಿದೆ. ಯಾವ ರೈತನಿಗೆ ಎಷ್ಟು ಬ್ಯಾರನ್, ಯಾವ ಬೇಲು ಎಷ್ಟು ಕಿಲೋ, ದರವೆಷ್ಟು ಎಂಬುದೆಲ್ಲ ಕಾಗದದಲ್ಲಿ ದಾಖಲಾಗುತ್ತದೆ. ಎಲೆಗೆ ಹೊಗೆ ಸೋಕದಿರಲೆಂದು ಬ್ಯಾರನ್ನಿನೊಳಗೆ ಕಾವನ್ನು ಕೊಳವೆಯಲ್ಲಿ ಹಾಯಿಸುತ್ತಾರೆ. ಹಗಲಿರುಳು ಸೌದೆಯೊಟ್ಟಿ ಒಲೆ ಕಾಯುವವನಿಗೆ ಅಂಥ ಏರ್ಪಾಡಿಲ್ಲ. ಸೊಪ್ಪು ಬೆಳೆದ ಮಾತ್ರಕ್ಕೆ ಅರ್ಬುದ ಬರುವುದೆಂದು ಇದರ ತಾತ್ಪರ್ಯವಲ್ಲ. ಬೀಡಿ ಸಿಗರೇಟಿನ ಹೊಗೆಯೇ ಮೊದಲ ಕಾರಣ. ಅಡಿಗೆಮನೆಯ ಸೌದೆಹೊಗೆಯನ್ನೂ ಅಂತರರಾಷ್ಟ್ರೀಯ ಅರ್ಬುದ ಸಂಶೋಧನಾ ಸಂಸ್ಥೆಯು 2010ರಲ್ಲಿ ಪ್ರಕಟವಾದ ಸಂಪುಟದಲ್ಲಿ 'ಪ್ರಾಯಶಃ ಅರ್ಬುದಕಾರಕ'ವೆಂದು ಗಣಿಸಿದೆ. ಮೈಸೂರು ಸೀಮೆಯ ಹಳ್ಳಿಗಳ ಹೆಂಗಸರನ್ನು ಪರೀಕ್ಷಿಸಿದ ವೈದ್ಯರು, ದಿನಕ್ಕೆ ಒಲೆಯ ಮುಂದೆ ಕಳೆದ ಗಂಟೆಗಳನ್ನು ವರ್ಷಗಳಿಂದ ಗುಣಿಸಿದಾಗ 60 ಬಂದರೆ ದೀರ್ಘಕಾಲದ ಕೆಮ್ಮುಕಫದ ರೋಗದ ಅಪಾಯ ಸ್ಪಷ್ಟವಾಗುವುದೆಂದು ಕಂಡರು. ದಿನಕ್ಕೆ ನಾಲ್ಕು ಗಂಟೆಯಂತೆ ಹದಿನೈದು ವರ್ಷ: ಹಳ್ಳಿಯ ಗೃಹಿಣಿಗೆ ಇದು ಹೆಚ್ಚೆನಿಸುವ ಲೆಕ್ಕವಲ್ಲ. ಹೀಗೆ ಉಬ್ಬಸವೂ ಅರ್ಬುದವೂ ಒಂದೇ ಹೊಗೆಯ ಮಕ್ಕಳಾಗಿರುವಲ್ಲಿ, ಎರಡನ್ನೂ ಬೇರೆ ಬೇರೆ ಬರೆದು ಕೂಡಿಸುವುದು ಯುಕ್ತವೆ?

ಕೂಡಿಸುವ ಪದ್ಧತಿಯ ದೊಡ್ಡ ಭ್ರಮೆಯೆಂದರೆ, ಸಹರೋಗ ಹೆಚ್ಚಿದಷ್ಟೂ ವೆಚ್ಚ ಹೆಚ್ಚುವುದೆಂಬ ನಂಬಿಕೆ. ಅನೇಕ ಸಂದರ್ಭಗಳಲ್ಲಿ ಇದು ನಿಜ. ಮಧುಮೇಹಿಗೆ ಕೀಮೋ ಔಷಧದೊಡನೆ ಸ್ಟೀರಾಯ್ಡ್ ಕೊಟ್ಟರೆ ಸಕ್ಕರೆ ಏರುತ್ತದೆ, ಪರೀಕ್ಷೆಗಳೂ ಆಸ್ಪತ್ರೆಯ ದಿನಗಳೂ ಬೆಳೆಯುತ್ತವೆ. ಮೂತ್ರಪಿಂಡ ಕುಗ್ಗಿದವನಿಗೆ ಸಿಸ್‌ಪ್ಲಾಟಿನ್ ಬಿಟ್ಟು ಬೇರೆ ಔಷಧವನ್ನು ಹುಡುಕಬೇಕು. ಆದರೆ ಉಬ್ಬಸದಿಂದ ಉಸಿರಿನ ಬಲವೇ ಕುಂದಿದವನಿಗೆ ಶಸ್ತ್ರಚಿಕಿತ್ಸೆಯೇ ಸಲ್ಲದೆ ಹೋಗಬಹುದು. ಆಗ ಲೆಕ್ಕದಲ್ಲಿ ವೆಚ್ಚ ಇಳಿಯುತ್ತದೆ! ಆ ಇಳಿತವನ್ನು ಮಿತವ್ಯಯವೆಂದು ಓದುವುದು ಅಪಪಾಠ. ಕ್ಷಯದ ಸಂಗತಿ ಇನ್ನೂ ವಿಲಕ್ಷಣವಾದುದು. ಸರ್ಕಾರವು ಅದರ ಔಷಧವನ್ನು ಉಚಿತವಾಗಿ ಕೊಡುವುದರಿಂದ ಪಟ್ಟಿಯಲ್ಲಿ ಅದರ ಬೆಲೆ ಸೊನ್ನೆ. ಆದರೆ ಕೆಮ್ಮು, ರಕ್ತ, ತೂಕ ಇಳಿಯುವುದು ಎರಡು ರೋಗಗಳಿಗೂ ಸಾಮಾನ್ಯ ಲಕ್ಷಣಗಳಾದುದರಿಂದ, ಅರ್ಬುದವನ್ನು ಕ್ಷಯವೆಂದು ಭ್ರಮಿಸಿ ತಿಂಗಳುಗಟ್ಟಲೆ ಚಿಕಿತ್ಸೆ ನಡೆಸುವುದು ಈ ದೇಶದಲ್ಲಿ ವೈದ್ಯರೇ ಮತ್ತೆ ಮತ್ತೆ ಎತ್ತಿ ಹೇಳಿರುವ ದೋಷ. ಬೆಲೆಯಿಲ್ಲದ ಆ ಔಷಧದ ಕಾಲದಲ್ಲಿ ಗಡ್ಡೆ ಬೆಳೆದಿರುತ್ತದೆ.

2018ರಲ್ಲಿ ಬಂದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯು ಬಡಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯನ್ನು ಒದಗಿಸಿದುದು ಸಾಮಾನ್ಯ ಉಪಕಾರವಲ್ಲ. ಆದರೆ ಅದರ ಘಟಕವು ಪ್ಯಾಕೇಜು. ಅದು ಒಂದು ಚಿಕಿತ್ಸೆಗೆ ಗೊತ್ತುಮಾಡಿದ ದರವೇ ಹೊರತು, ನಾಲ್ಕು ರೋಗಗಳನ್ನು ಹೊತ್ತು ಬಂದ ಮನುಷ್ಯನಿಗೆ ಕಟ್ಟಿದ ದರವಲ್ಲ. ಆಸ್ಪತ್ರೆಯಲ್ಲಿ ಮಲಗಿ ಪಡೆದ ಚಿಕಿತ್ಸೆಯೇ ಅದರಲ್ಲಿ ಮುಖ್ಯವಾದ್ದರಿಂದ, ಉಬ್ಬಸಕ್ಕೆ ದಿನವೂ ಸೇದುವ ಇನ್‌ಹೇಲರು ಸರ್ಕಾರಿ ಔಷಧಾಲಯದಲ್ಲಿ ದೊರೆಯದ ದಿನ ಮನೆಯವರ ಜೇಬಿಗೆ ಬೀಳುತ್ತದೆ. ಪ್ರಧಾನರೋಗಕ್ಕೆ ಸರ್ಕಾರ, ಸಹರೋಗಕ್ಕೆ ಸಂಸಾರ ಎಂಬ ವಿಭಾಗವು ಯಾವ ವೈದ್ಯಶಾಸ್ತ್ರದಲ್ಲಿಯೂ ಇಲ್ಲ.

ಮೈಸೂರು ಹುಣಸೂರಿಗೆ ಸುಮಾರು 45 ಕಿಲೋಮೀಟರು, ಪಿರಿಯಾಪಟ್ಟಣಕ್ಕೆ ಸುಮಾರು 70. 1973ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಗೆ ಹೋಗಬೇಕಾದರೆ ಮತ್ತೂ ದೂರ. ಅರ್ಬುದಕ್ಕೊಂದು ದಿನ, ಹೃದಯಕ್ಕೊಂದು ದಿನ, ಸಕ್ಕರೆಗೊಂದು ದಿನವೆಂದು ಕರೆದರೆ ಪ್ರತಿ ರೋಗವೂ ಒಂದೊಂದು ಪ್ರಯಾಣ. ಜೊತೆಗೆ ಒಬ್ಬರು ಹೋಗಲೇಬೇಕು. ಮಳೆಗಾಲದಲ್ಲಿ ಸೊಪ್ಪು ಮುರಿದು ಬೇಯಿಸುವ ವಾರಗಳಲ್ಲಿ ಆ ಒಬ್ಬರು ಹೊರಟರೆ ಬ್ಯಾರನ್ನಿನ ಬೆಂಕಿ ಕಾಯಲು ಕೂಲಿಯಾಳನ್ನು ಗೊತ್ತುಮಾಡಬೇಕು. ಆ ಕೂಲಿಯು ಆಸ್ಪತ್ರೆಯ ಬಿಲ್ಲಿನಲ್ಲಿ ಬರುವುದಿಲ್ಲ. ಬೆಳೆಯ ಖರ್ಚೆಂದು ಎಲೆಯ ಲೆಕ್ಕದಲ್ಲಿ ಸೇರಿಹೋಗುತ್ತದೆ.